ನ್ಯೂಕ್ಲಿಯಸ್ ಎಣಿಕೆ, ಹೊಳಪಿನ ಅಳತೆ: ಕಣ್ಣಿಗೆ ಕಾಣುವ ವ್ಯತ್ಯಾಸ ಅಂಕಿಯಲ್ಲಿ ಯಾಕೆ ಸಿಗುತ್ತಿಲ್ಲ?

ಎಣಿಕೆಗಾರ:
ಫಿಜಿ ಎಂಬ ಚಿತ್ರ ವಿಶ್ಲೇಷಣೆಯ ಸಾಫ್ಟ್‌ವೇರ್‌ನಲ್ಲಿ ಎರಡು ಚಾನೆಲ್‌ನ (ಬಣ್ಣಕ್ಕೊಂದು) ಫ್ಲೋರೊಸೆನ್ಸ್ ಚಿತ್ರಗಳು. ಒಂದು ಡಿಎನ್‌ಎಗೆ ಅಂಟಿ ನ್ಯೂಕ್ಲಿಯಸ್ಸನ್ನು ನೀಲಿಯಾಗಿ ತೋರಿಸುವ ಡ್ಯಾಪಿ ಬಣ್ಣ, ಇನ್ನೊಂದು ನ್ಯೂಕ್ಲಿಯಸ್ ಒಳಗೆ ಸೇರುವ ಪ್ರೋಟೀನಿಗೆ ಹಾಕಿದ ಹಸಿರು ಆಂಟಿಬಾಡಿ. ಆಬ್ಜೆಕ್ಟಿವ್ 20 ಎಕ್ಸ್, ಎನ್‌ಎ (ಲೆನ್ಸ್ ಬೆಳಕು ಹಿಡಿಯುವ ಕೋನದ ಅಳತೆ) 0.75. ಕ್ಯಾಮೆರಾ 12 ಬಿಟ್, ಅದರ ಪಿಕ್ಸೆಲ್ 6.5 ಮೈಕ್ರಾನ್, ಬಿನ್ನಿಂಗ್ (ಅಕ್ಕಪಕ್ಕದ ಪಿಕ್ಸೆಲ್‌ಗಳನ್ನು ಒಂದಾಗಿಸುವುದು) ಇಲ್ಲ.

ಈಗ ಮಾಡುತ್ತಿರುವುದು ಇಷ್ಟು: ಮೈಕ್ರೋಸ್ಕೋಪಿನ ಫೈಲ್ ಓದುವ ಬಯೋ-ಫಾರ್ಮ್ಯಾಟ್ಸ್ ಪ್ಲಗಿನ್‌ನಲ್ಲಿ ಫೈಲ್ ತೆರೆದು, 8 ಬಿಟ್‌ಗೆ ಬದಲಿಸಿ, ಎರಡೂ ಚಾನೆಲ್‌ಗೆ ಬೇರೆ ಬೇರೆಯಾಗಿ ಓಟ್ಸು ಥ್ರೆಶೋಲ್ಡ್ (ಹೊಳೆಯುವ ಜಾಗವನ್ನು ಹಿನ್ನೆಲೆಯಿಂದ ಬೇರ್ಪಡಿಸುವ ಬೆಲೆಯನ್ನು ತಾನೇ ಆರಿಸುವ ವಿಧಾನ), ಆಮೇಲೆ ವಾಟರ್‌ಶೆಡ್ (ಅಂಟಿಕೊಂಡವನ್ನು ಕತ್ತರಿಸುವುದು), ಅನಲೈಜ್ ಪಾರ್ಟಿಕಲ್ಸ್ (ಎಣಿಸಿ ಅಳೆಯುವುದು). ಹಸಿರಿನ ಸರಾಸರಿ ಹೊಳಪು ಕಂಟ್ರೋಲ್‌ನಲ್ಲಿ (ಟ್ರೀಟ್‌ಮೆಂಟ್ ಕೊಡದ ಕೋಶಗಳು) 118, ಟ್ರೀಟೆಡ್‌ನಲ್ಲಿ (ಕೊಟ್ಟವು) 109 ಬರುತ್ತಿದೆ. ಆದರೆ ಮೈಕ್ರೋಸ್ಕೋಪಿನ ಸಾಫ್ಟ್‌ವೇರ್‌ನಲ್ಲಿ ಎರಡನ್ನೂ ಒಂದೇ ಸ್ಕೇಲಿಗೆ ಇಟ್ಟು ನೋಡಿದರೆ ಟ್ರೀಟೆಡ್ ಎದ್ದು ಹೊಳೆಯುತ್ತದೆ. ಇನ್ನೊಂದು ತೊಂದರೆ, ಕೆಲವು ನ್ಯೂಕ್ಲಿಯಸ್ ಮೂರು ಚೂರಾಗುತ್ತವೆ, ಕೆಲವು ಕಡೆ ಎರಡು ಸೇರಿ ಒಂದಾಗುತ್ತವೆ. ಎಲ್ಲಿ ತಪ್ಪುತ್ತಿದೆ?

ಹದಿನಾರು_ಬಿಟ್:
ಎರಡನೇ ಹೆಜ್ಜೆಯಲ್ಲೇ. 8 ಬಿಟ್‌ಗೆ ಬದಲಿಸುವಾಗ ಫಿಜಿ 0ಯಿಂದ 65535ರ ಪೂರ್ತಿ ಹರವನ್ನು ತೆಗೆದುಕೊಳ್ಳುವುದಿಲ್ಲ. ಆ ಕ್ಷಣದಲ್ಲಿ ಪರದೆ ಮೇಲಿರುವ ಡಿಸ್‌ಪ್ಲೇ ರೇಂಜ್‌ನ ಕೆಳತುದಿಯನ್ನು 0, ಮೇಲ್ತುದಿಯನ್ನು 255 ಮಾಡಿ ನಡುವಿನದ್ದನ್ನು ಹಂಚುತ್ತದೆ. ಬಯೋ-ಫಾರ್ಮ್ಯಾಟ್ಸ್‌ನ ಕಿಟಕಿಯಲ್ಲಿ ಆಟೋಸ್ಕೇಲ್‌ಗೆ ಟಿಕ್ ಇದ್ದರೆ ಆ ರೇಂಜ್ ಪ್ರತಿ ಫೈಲಿಗೂ ಬೇರೆಯಾಗಿರುತ್ತದೆ.

ಲೆಕ್ಕ ಹಾಕಿ ನೋಡಿ. ಕಂಟ್ರೋಲ್ ಚಿತ್ರದ ಡಿಸ್‌ಪ್ಲೇ ರೇಂಜ್ 180ರಿಂದ 1400, ಟ್ರೀಟೆಡ್‌ನದ್ದು 180ರಿಂದ 3200 ಎಂದಿಟ್ಟುಕೊಳ್ಳಿ. ಎರಡರಲ್ಲೂ 900 ಬೆಲೆಯ ಒಂದೊಂದು ಪಿಕ್ಸೆಲ್ ಇದೆ.

ಕಂಟ್ರೋಲ್‌ನಲ್ಲಿ: 720 ಭಾಗಿಸು 1220, ಗುಣಿಸು 255. ಬರುವುದು 150.
ಟ್ರೀಟೆಡ್‌ನಲ್ಲಿ: 720 ಭಾಗಿಸು 3020, ಗುಣಿಸು 255. ಬರುವುದು 61.

ಒಂದೇ ಬೆಳಕು, ಒಂದು ಕಡೆ 150, ಇನ್ನೊಂದು ಕಡೆ 61. ಟ್ರೀಟೆಡ್ ಎಷ್ಟು ಹೊಳೆದರೂ ಅದನ್ನು ಎಳೆದು ಕಂಟ್ರೋಲ್ ಮಟ್ಟಕ್ಕೆ ತಂದು ನಿಲ್ಲಿಸುವ ಕೆಲಸವನ್ನು ಈ ಒಂದು ಕ್ಲಿಕ್ ಮಾಡಿದೆ. 118 ಮತ್ತು 109 ಹತ್ತಿರ ಹತ್ತಿರ ಬಂದಿರುವುದರಲ್ಲಿ ಆಶ್ಚರ್ಯವೇ ಇಲ್ಲ. ಅಳತೆಗೆ 8 ಬಿಟ್ ಬೇಕಾಗಿಯೇ ಇಲ್ಲ. ಥ್ರೆಶೋಲ್ಡ್, ಪಾರ್ಟಿಕಲ್ಸ್, ಮೆಷರ್ ಎಲ್ಲವೂ 16 ಬಿಟ್‌ನಲ್ಲೇ ನಡೆಯುತ್ತವೆ.

ಎಣಿಕೆಗಾರ:
ಸರಿ, 8 ಬಿಟ್ ಬಿಟ್ಟೆ. ಹಾಗಾದರೆ ಬ್ರೈಟ್‌ನೆಸ್-ಕಾಂಟ್ರಾಸ್ಟ್‌ನಲ್ಲಿ ಆಟೋ ಒತ್ತಿದರೂ ಬೆಲೆ ಬದಲಾಗುತ್ತದೆಯೇ?

ಹದಿನಾರು_ಬಿಟ್:
ಆಟೋ, ಸ್ಲೈಡರ್ ಎರಡೂ ಪರದೆಯ ತೋರಿಕೆಗೆ ಮಾತ್ರ. ಅದೇ ಕಿಟಕಿಯ ಅಪ್ಲೈ ಒತ್ತಿದರೆ ಪಿಕ್ಸೆಲ್ ಬೆಲೆಯೇ ಬದಲಾಗುತ್ತದೆ. ಅಳೆಯುವ ಚಿತ್ರದ ಮೇಲೆ ಅದನ್ನು ಮುಟ್ಟಬೇಡಿ. ಅನುಮಾನ ಬಂದರೆ ಚಿತ್ರದ ಮೇಲೆ ಮೌಸ್ ಇಟ್ಟು ಫಿಜಿಯ ಪಟ್ಟಿಯಲ್ಲಿ ಕಾಣುವ ಬೆಲೆಯನ್ನು ಮೂಲ ಫೈಲಿನ ಅದೇ ಜಾಗದ ಬೆಲೆಗೆ ಹೋಲಿಸಿ. ಅರ್ಧ ನಿಮಿಷದ ಕೆಲಸ.

ಹಾಗೆಯೇ ಜೆಪೆಗ್‌ನಿಂದ ಅಳೆಯಬೇಡಿ. ಅದು ಚಿತ್ರವನ್ನು 8×8 ಪಿಕ್ಸೆಲ್‌ನ ಚೌಕಗಳಾಗಿ ಕತ್ತರಿಸಿ ಒಂದೊಂದನ್ನೂ ಒತ್ತುತ್ತದೆ. ದೊಡ್ಡದು ಮಾಡಿ ನೋಡಿದರೆ ನ್ಯೂಕ್ಲಿಯಸ್ ಅಂಚಿನ ಸುತ್ತ ಆ ಚೌಕಗಳ ಗುರುತು ಕಾಣುತ್ತದೆ. ನ್ಯೂಕ್ಲಿಯಸ್ ಒಳಗಿನ ಸಣ್ಣ ಹೊಳೆಯುವ ಚುಕ್ಕೆಗಳನ್ನು (ಫೋಕೈ) ಎಣಿಸುವವರಿಗಂತೂ ಆ ಗುರುತುಗಳೇ ಫೋಕೈ ಆಗಿಬಿಡುತ್ತವೆ. ಸ್ಕೇಲ್ ಬಾರ್ ಅಚ್ಚೊತ್ತಿದ ಚಿತ್ರವೂ ಬೇಡ, ಆ ಬಿಳಿ ಪಟ್ಟಿಯನ್ನೂ ಪಾರ್ಟಿಕಲ್ಸ್ ಒಂದು ಕೋಶವೆಂದು ಎಣಿಸುತ್ತದೆ.

ಗಾಜುಪಟ್ಟಿ:
ಇದರ ಜೊತೆಗೆ ಸ್ಯಾಚುರೇಶನ್ ಪರೀಕ್ಷೆ, ಅಂದರೆ ಪಿಕ್ಸೆಲ್ ತುಂಬಿ ನಿಂತಿದೆಯೇ ಎಂದು ನೋಡುವುದು. ಹೈಲೋ ಎಂಬ ಲುಕಪ್ ಟೇಬಲ್ (ಬೆಲೆಗೆ ತಕ್ಕ ಬಣ್ಣ ತೋರಿಸುವ ಪಟ್ಟಿ) ಹಾಕಿದರೆ ಮೇಲ್ತುದಿ ಮುಟ್ಟಿದ ಪಿಕ್ಸೆಲ್ ಕೆಂಪಾಗಿ, ಕೆಳತುದಿಯದ್ದು ನೀಲಿಯಾಗಿ ಕಾಣುತ್ತದೆ. ಆದರೆ ಆ "ತುದಿ" ಕೂಡ ಡಿಸ್‌ಪ್ಲೇ ರೇಂಜ್‌ನ ತುದಿಯೇ. ನಿಮ್ಮ ಕ್ಯಾಮೆರಾ 12 ಬಿಟ್, ಫೈಲ್ 16 ಬಿಟ್. ಅಂದರೆ ಕ್ಯಾಮೆರಾ 4095ಕ್ಕೇ ತುಂಬಿ ನಿಲ್ಲುತ್ತದೆ, ಫೈಲಿನಲ್ಲಿ 65535ರವರೆಗೆ ಜಾಗ ಖಾಲಿ ಇರುತ್ತದೆ. ರೇಂಜ್ 0ಯಿಂದ 65535 ಇಟ್ಟು "ಕೆಂಪು ಎಲ್ಲೂ ಇಲ್ಲ, ಸ್ಯಾಚುರೇಶನ್ ಇಲ್ಲ" ಎಂದುಕೊಳ್ಳುವುದು ತೀರಾ ಸಾಮಾನ್ಯವಾದ ತಪ್ಪು. ಬ್ರೈಟ್‌ನೆಸ್-ಕಾಂಟ್ರಾಸ್ಟ್‌ನಲ್ಲಿ ಸೆಟ್ ಒತ್ತಿ 0 ಮತ್ತು 4095 ಎಂದು ಟೈಪ್ ಮಾಡಿ, ಆಮೇಲೆ ಹೈಲೋ ನೋಡಿ. ಹಿಸ್ಟೋಗ್ರಾಮ್‌ನ ಬಲತುದಿಯಲ್ಲಿ 4095ರ ಜಾಗಕ್ಕೆ ಒಂಟಿ ಕಂಬ ನಿಂತಿದ್ದರೂ ಅರ್ಥ ಅದೇ.

ಮಸುಕು:
8 ಬಿಟ್ ಸರಿಪಡಿಸಿದರೂ ಇನ್ನೊಂದು ದೋಷ ಉಳಿಯುತ್ತದೆ, ನನ್ನ ಪ್ರಕಾರ ಅದೇ ಹೆಚ್ಚು ಅಪಾಯದ್ದು. ಹಸಿರು ಚಾನೆಲ್‌ಗೆ ಅದರದ್ದೇ ಓಟ್ಸು ಹಾಕುತ್ತಿದ್ದೀರಿ. ಅಂದರೆ "ಈ ಚಿತ್ರದಲ್ಲಿ ಹೊಳೆಯುವ ಜಾಗ ಯಾವುದು" ಎಂದು ಹಸಿರನ್ನೇ ಕೇಳಿ, ಆ ಜಾಗದಲ್ಲಿ ಎಷ್ಟು ಹೊಳಪಿದೆ ಎಂದು ಮತ್ತೆ ಹಸಿರನ್ನೇ ಅಳೆಯುತ್ತಿದ್ದೀರಿ. ಪ್ರೋಟೀನ್ ಇಲ್ಲದ ನ್ಯೂಕ್ಲಿಯಸ್ ಲೆಕ್ಕಕ್ಕೇ ಬರುವುದಿಲ್ಲ. ಕಂಟ್ರೋಲ್‌ನಲ್ಲಿ 100ಕ್ಕೆ 20 ಕೋಶ ಮಾತ್ರ ಹೊಳೆಯುತ್ತಿದ್ದರೆ ಆ 20ರ ಸರಾಸರಿಯೇ ಕಂಟ್ರೋಲ್‌ನ ಸರಾಸರಿಯಾಗಿ ಕೂರುತ್ತದೆ, ಉಳಿದ 80 ಮಾಯ.

ಗಡಿಯನ್ನು ಡ್ಯಾಪಿಯಿಂದ ಎಳೆಯಿರಿ, ಹೊಳಪನ್ನು ಹಸಿರಿನಲ್ಲಿ ಅಳೆಯಿರಿ. ಕ್ರಮ ಹೀಗೆ:

ಡ್ಯಾಪಿಯ ನಕಲು ಮಾಡಿ, ನಕಲಿನ ಮೇಲೆ ಗಾಸಿಯನ್ ಬ್ಲರ್ (ಚಿತ್ರವನ್ನು ತುಸು ಮಸುಕಾಗಿಸಿ ನಯಗೊಳಿಸುವುದು) ಸಿಗ್ಮಾ 2 ಪಿಕ್ಸೆಲ್, ಥ್ರೆಶೋಲ್ಡ್, ಮಾಸ್ಕ್ (ಕೋಶ ಯಾವುದು, ಹಿನ್ನೆಲೆ ಯಾವುದು ಎಂಬ ಕಪ್ಪು-ಬಿಳುಪು ಚಿತ್ರ). ನಂತರ ಫಿಲ್ ಹೋಲ್ಸ್, ವಾಟರ್‌ಶೆಡ್, ಅನಲೈಜ್ ಪಾರ್ಟಿಕಲ್ಸ್‌ನಲ್ಲಿ ಆ್ಯಡ್ ಟು ಮ್ಯಾನೇಜರ್. ಈಗ ಮೂಲ ಹಸಿರು ಚಿತ್ರದ ಕಿಟಕಿಯನ್ನು ಮುಂದೆ ತಂದು, ಆರ್‌ಒಐ ಮ್ಯಾನೇಜರ್‌ನಲ್ಲಿ (ಗಡಿಗಳ ಪಟ್ಟಿ) ಎಲ್ಲವನ್ನೂ ಆಯ್ದು ಮೆಷರ್. ಬ್ಲರ್ ಮಾಡಿದ್ದು ಗಡಿಗೆ ಮಾತ್ರ, ಅಳೆಯುವ ಚಿತ್ರಕ್ಕೆ ಯಾವ ಫಿಲ್ಟರೂ ಸೋಕಿಲ್ಲ.

ಸೆಟ್ ಮೆಷರ್‌ಮೆಂಟ್ಸ್‌ನ ರೀಡೈರೆಕ್ಟ್‌ನಲ್ಲೂ (ಒಂದು ಚಿತ್ರದ ಗಡಿಗೆ ಇನ್ನೊಂದರ ಬೆಲೆ ಓದುವ ಆಯ್ಕೆ) ಇದೇ ಕೆಲಸ ಆಗುತ್ತದೆ, ಆದರೆ ನಾನು ಶಿಫಾರಸು ಮಾಡುವುದಿಲ್ಲ. ಒಮ್ಮೆ ಹಾಕಿದ ರೀಡೈರೆಕ್ಟ್ ಹಾಗೆಯೇ ಉಳಿದು, ಮುಂದಿನ ಚಿತ್ರದ ಗಡಿಯೊಳಗೆ ಹಿಂದಿನ ಚಿತ್ರದ ಬೆಲೆ ತುಂಬುತ್ತದೆ. ಟೇಬಲ್ ನೋಡಿದರೆ ಎಲ್ಲವೂ ಸರಿಯಾಗಿರುವಂತೆಯೇ ಕಾಣುತ್ತದೆ.

ಗಾಜುಪಟ್ಟಿ:
ಡ್ಯಾಪಿಗೂ ಪ್ರತಿ ಚಿತ್ರಕ್ಕೆ ಬೇರೆ ಓಟ್ಸು ಬೇಡ, ಎಲ್ಲ ಚಿತ್ರಕ್ಕೂ ಒಂದೇ ಸಂಖ್ಯೆ ಇಡಬೇಕು. ಇಲ್ಲದಿದ್ದರೆ ಹೋಲಿಕೆಗೆ ಅರ್ಥ ಎಲ್ಲಿ?

ಮಸುಕು:
ಇಲ್ಲಿ ಒಪ್ಪುವುದಿಲ್ಲ. ಅಳೆಯುವ ಚಾನೆಲ್‌ಗಾದರೆ ನಿಮ್ಮ ಮಾತು ಸರಿ. ಡ್ಯಾಪಿಯಲ್ಲಿ ನಮಗೆ ಬೇಕಿರುವುದು ಗಡಿ ಎಲ್ಲಿದೆ ಎಂಬುದಷ್ಟೇ. ಸ್ಟೇನ್ ಒಂದು ಸ್ಲೈಡಿನಿಂದ ಇನ್ನೊಂದಕ್ಕೆ ಹೆಚ್ಚುಕಡಿಮೆ ಆಗಿಯೇ ಆಗುತ್ತದೆ. ಸ್ಥಿರ ಸಂಖ್ಯೆ ಇಟ್ಟರೆ ಮಂಕಾದ ಸ್ಲೈಡಿನಲ್ಲಿ ನ್ಯೂಕ್ಲಿಯಸ್ ಕುಗ್ಗುತ್ತದೆ, ಗಾಢವಾದಲ್ಲಿ ಉಬ್ಬುತ್ತದೆ. ಗಡಿ ಉಬ್ಬಿದರೆ ಹಸಿರಿನ ಸರಾಸರಿಗೆ ಸುತ್ತಲಿನ ಸೈಟೋಪ್ಲಾಸಂ ಸೇರಿ ಅದೂ ಬದಲಾಗುತ್ತದೆ.

ಆದರೆ ಓಟ್ಸುವನ್ನೂ ಕಣ್ಣುಮುಚ್ಚಿ ನಂಬಲಾಗದು. 1979ರ ಆ ವಿಧಾನ ಹಿಸ್ಟೋಗ್ರಾಮನ್ನು ಎರಡು ಗುಂಪಾಗಿ ಒಡೆದು, ಗುಂಪುಗಳ ನಡುವಿನ ಅಂತರ ಅತಿ ಹೆಚ್ಚಾಗುವ ಜಾಗವನ್ನು ಹುಡುಕುತ್ತದೆ. ಕೋಶಗಳು ಚಿತ್ರದ ಒಳ್ಳೆಯ ಭಾಗವನ್ನು ತುಂಬಿದ್ದರೆ ಚೆನ್ನಾಗಿ ನಡೆಯುತ್ತದೆ. ಬರೀ 1–2% ಜಾಗದಲ್ಲಿ ಕೋಶ ಇದ್ದರೆ ಅದು ಹಿನ್ನೆಲೆಯನ್ನೇ ಎರಡಾಗಿ ಒಡೆಯಬಹುದು. ಅಂಥಲ್ಲಿ ಟ್ರಯಾಂಗಲ್ ಎಂಬ ಇನ್ನೊಂದು ಥ್ರೆಶೋಲ್ಡ್ ವಿಧಾನ ವಾಸಿ. ಮಂಕು ಕೋಶಗಳು ಬಿಟ್ಟುಹೋಗುತ್ತಿದ್ದರೆ ಲೀ ವಿಧಾನ ನೋಡಿ. ಕೋಶವೇ ಇಲ್ಲದ ಫೀಲ್ಡ್‌ನಲ್ಲಿ (ಒಂದು ಚಿತ್ರ ಹಿಡಿಯುವ ಜಾಗ) ಯಾವ ಆಟೋ ವಿಧಾನವೂ "ಏನೂ ಇಲ್ಲ" ಎಂದು ಹೇಳುವುದಿಲ್ಲ, ನಾಯ್ಸನ್ನೇ ಎಣಿಸಿ ಕೊಡುತ್ತದೆ. ಆದ್ದರಿಂದ ಆಟೋ ಕೊಟ್ಟ ಸಂಖ್ಯೆಗೆ ಒಂದು ಕೆಳಮಿತಿ ಇಡಿ. ಅದಕ್ಕಿಂತ ಕೆಳಗೆ ಬಂದರೆ ಆ ಫೀಲ್ಡ್‌ನ ಎಣಿಕೆ ಸೊನ್ನೆ.

ಗಾಜುಪಟ್ಟಿ:
ಕೆಳಮಿತಿ ಸಮೇತ ಆದರೆ ಒಪ್ಪಿದೆ. ವಿಧಾನ ಎಲ್ಲ ಚಿತ್ರಕ್ಕೂ ಒಂದೇ ಇರಬೇಕು, ಸಂಖ್ಯೆ ಬದಲಾಗಬಹುದು. ಒಂದು ಗುಂಪಿಗೆ ಓಟ್ಸು, ಇನ್ನೊಂದಕ್ಕೆ ಲೀ ಎಂದು ಆರಿಸಿಕೊಳ್ಳುವಂತಿಲ್ಲ.

ಬಿಂಬಗಾರ:
ಚೂರಾಗುವ ನ್ಯೂಕ್ಲಿಯಸ್ ವಿಷಯಕ್ಕೆ ಬರುತ್ತೇನೆ.

ನಿಮ್ಮ ಚಿತ್ರದಲ್ಲಿ ಒಂದು ಪಿಕ್ಸೆಲ್ ಅಂದರೆ 6.5 ಭಾಗಿಸು 20, ಅಂದರೆ 0.325 ಮೈಕ್ರಾನ್. ಕ್ಯಾಮೆರಾ ಮುಂದೆ ಬೇರೆ ಅಡಾಪ್ಟರ್ ಲೆನ್ಸ್ ಇಲ್ಲವೆಂದು ಭಾವಿಸಿದ್ದೇನೆ. 10 ಮೈಕ್ರಾನ್ ವ್ಯಾಸದ ನ್ಯೂಕ್ಲಿಯಸ್ ಸುಮಾರು 31 ಪಿಕ್ಸೆಲ್ ಅಗಲ, 740 ಪಿಕ್ಸೆಲ್ ವಿಸ್ತೀರ್ಣ ಇರುತ್ತದೆ. ಎನ್‌ಎ 0.75ಕ್ಕೆ ಡ್ಯಾಪಿಯ ನೀಲಿಯಲ್ಲಿ ಬಿಡಿಸಿ ಕಾಣುವ ಅತಿ ಸಣ್ಣ ಅಂತರ ಸುಮಾರು 0.37 ಮೈಕ್ರಾನ್. ಅದನ್ನು ಪೂರ್ತಿ ಹಿಡಿಯಲು 0.19ಕ್ಕಿಂತ ಸಣ್ಣ ಪಿಕ್ಸೆಲ್ ಬೇಕಿತ್ತು, ನಿಮ್ಮದು ಅದಕ್ಕೆ ಸಾಲದು. ನ್ಯೂಕ್ಲಿಯಸ್ ಎಣಿಕೆಗೆ ಇದು ಧಾರಾಳವಾಯಿತು. ನ್ಯೂಕ್ಲಿಯಸ್ ಒಳಗಿನ ಫೋಕೈ ಎಣಿಸುವುದಾದರೆ ಮಾತ್ರ ಸಾಲದು.

ವಾಟರ್‌ಶೆಡ್ ಕೆಲಸ ಮಾಡುವುದು ಕಪ್ಪು-ಬಿಳುಪು ಮಾಸ್ಕ್‌ನ ಮೇಲೆ. ಮಾಸ್ಕ್‌ನ ಪ್ರತಿ ಬಿಂದುವಿಗೂ ಅಂಚಿನಿಂದ ಎಷ್ಟು ದೂರ ಎಂದು ಬರೆಯುತ್ತದೆ. 31 ಪಿಕ್ಸೆಲ್‌ನ ದುಂಡಗಿನ ನ್ಯೂಕ್ಲಿಯಸ್ ನಟ್ಟನಡುವೆ ಆ ಬೆಲೆ 15. ಎರಡು ನ್ಯೂಕ್ಲಿಯಸ್ ಅಂಟಿಕೊಂಡು ನಡುವಿನ ಕುತ್ತಿಗೆ 12 ಪಿಕ್ಸೆಲ್ ಅಗಲ ಇದ್ದರೆ, ಒಂದರ ನಡುವಿನಿಂದ ಇನ್ನೊಂದರ ನಡುವಿಗೆ ಹೋಗುವಾಗ ಬೆಲೆ 15ರಿಂದ 6ಕ್ಕೆ ಇಳಿದು ಮತ್ತೆ 15ಕ್ಕೆ ಏರುತ್ತದೆ. ಇದು ನಿಜವಾದ ಕಣಿವೆ, ಇಲ್ಲಿ ಕತ್ತರಿಸಲೇಬೇಕು. ಒಂದೇ ನ್ಯೂಕ್ಲಿಯಸ್‌ನ ಅಂಚು ಸ್ವಲ್ಪ ಒರಟಾಗಿದ್ದರೆ 15, 14, 15 ಎಂದು ಒಂದು ಪಿಕ್ಸೆಲ್‌ನ ತಗ್ಗು ಹುಟ್ಟುತ್ತದೆ. ಫಿಜಿಯ ಮಾಮೂಲಿ ವಾಟರ್‌ಶೆಡ್ ಅದನ್ನೂ ಕಣಿವೆ ಎಂದುಕೊಂಡು ಕತ್ತರಿಸುತ್ತದೆ. ಎಷ್ಟು ಆಳದ ತಗ್ಗನ್ನು ಕ್ಷಮಿಸಬೇಕು ಎಂದು ಹೇಳಲು ಅದರಲ್ಲಿ ಜಾಗವಿಲ್ಲ. ಮಾರ್ಫೋಲಿಬ್‌ಜೆ ಪ್ಲಗಿನ್‌ನ ಡಿಸ್ಟನ್ಸ್ ಟ್ರಾನ್ಸ್‌ಫಾರ್ಮ್ ವಾಟರ್‌ಶೆಡ್‌ನಲ್ಲಿ ಡೈನಾಮಿಕ್ ಎಂಬ ಪೆಟ್ಟಿಗೆ ಇದೆ. 2 ಅಥವಾ 3 ಕೊಟ್ಟು ನೋಡಿ.

ಮೂರು ಚೂರು ಆಗುವುದಕ್ಕೆ ಬಹುತೇಕ ಬೇರೆಯೇ ಕಾರಣ. ನ್ಯೂಕ್ಲಿಯಸ್ ಒಳಗಿನ ಉಂಡೆಯಾದ ನ್ಯೂಕ್ಲಿಯೋಲಸ್ ಡ್ಯಾಪಿಯಲ್ಲಿ ಕಪ್ಪಗಿರುತ್ತದೆ, ಮಾಸ್ಕ್‌ನಲ್ಲಿ ಅದು ತೂತು. ತೂತಿನ ಅಂಚೂ ಅಂಚೇ ತಾನೆ? ದೂರದ ಲೆಕ್ಕ ಅಲ್ಲಿಂದಲೂ ಶುರುವಾಗಿ, ನಡುವಿನ ಒಂದು ಶಿಖರದ ಬದಲು ತೂತಿನ ಸುತ್ತ ಮೂರು ನಾಲ್ಕು ಶಿಖರ ಏಳುತ್ತವೆ. ಮಸುಕು ಅವರು ಫಿಲ್ ಹೋಲ್ಸನ್ನು ವಾಟರ್‌ಶೆಡ್‌ಗಿಂತ ಮೊದಲು ಹೇಳಿದ್ದು ಇದಕ್ಕೇ. ತಿರುಗಾಮುರುಗಾ ಮಾಡಿದರೆ ಉಪಯೋಗವಿಲ್ಲ. ಫಿಲ್ ಹೋಲ್ಸ್ ಒತ್ತಿದಾಗ ಚಿತ್ರವೇ ಪೂರ್ತಿ ಬಿಳಿಯಾದರೆ ಬೈನರಿ ಆಪ್ಶನ್ಸ್‌ನಲ್ಲಿ ಬ್ಲ್ಯಾಕ್ ಬ್ಯಾಕ್‌ಗ್ರೌಂಡ್ ಟಿಕ್ ಉಲ್ಟಾ ಇದೆ ಎಂದರ್ಥ.

ಮ್ಯಾಕ್ರೋಮಿತ್ರ:
ಕೋಶಗಳು ಒತ್ತೊತ್ತಾಗಿದ್ದರೆ ಇಷ್ಟೆಲ್ಲ ಗುದ್ದಾಡುವ ಬದಲು ಕಲಿತ ಮಾದರಿಯಿಂದ ಗಡಿ ಹುಡುಕುವ ಸ್ಟಾರ್‌ಡಿಸ್ಟ್ ಹಾಕಿಬಿಡಿ. ಫ್ಲೋರೊಸೆನ್ಸ್ ನ್ಯೂಕ್ಲಿಯಸ್‌ಗೆಂದೇ ತರಬೇತಾದ ಸಿದ್ಧ ಮಾದರಿ ಫಿಜಿಯ ಪ್ಲಗಿನ್ ಜೊತೆಗೇ ಬರುತ್ತದೆ. ಪ್ರತಿ ನ್ಯೂಕ್ಲಿಯಸ್ಸನ್ನೂ ನಡುವಿನಿಂದ ಹೊರಟ ಗೆರೆಗಳ ಬಹುಭುಜವಾಗಿ ಊಹಿಸುತ್ತದೆ, ಹಾಗಾಗಿ ದುಂಡು, ಮೊಟ್ಟೆಯಾಕಾರಕ್ಕೆ ಬಲು ಚೆನ್ನ. ಕುದುರೆಲಾಳದಂಥ ಅಥವಾ ಉದ್ದಕ್ಕೆ ಬಾಗಿದ ಆಕಾರಕ್ಕೆ ಒಗ್ಗದು. ಅಂಥದ್ದಕ್ಕೆ ಸೆಲ್‌ಪೋಸ್ ಎಂಬ ಅಂಥದ್ದೇ ಇನ್ನೊಂದು ಸಾಧನ ನೋಡಿ.

ಬಿಂಬಗಾರ:
ಸ್ಟಾರ್‌ಡಿಸ್ಟ್‌ನಲ್ಲಿ ಎರಡು ಕಡೆ ಎಡವುತ್ತಾರೆ. ಅದು ಪ್ರತಿ ಚಿತ್ರವನ್ನೂ ಶೇಕಡಾವಾರು ಲೆಕ್ಕದಲ್ಲಿ ಸಮಮಾಡಿಕೊಳ್ಳುತ್ತದೆ, ಸಾಮಾನ್ಯವಾಗಿ 1 ಮತ್ತು 99.8. ಖಾಲಿ ಫೀಲ್ಡ್ ಕೊಟ್ಟರೆ ನಾಯ್ಸನ್ನು ಹಿಗ್ಗಿಸಿ ಅದರಲ್ಲೂ ನ್ಯೂಕ್ಲಿಯಸ್ ಕಂಡುಹಿಡಿಯುತ್ತದೆ. ಅಂದರೆ ಮೇಲೆ ಹೇಳಿದ ಓಟ್ಸುವಿನ ಕಾಯಿಲೆಯೇ, ವೇಷ ಬೇರೆ. ಇನ್ನೊಂದು ಗಾತ್ರದ್ದು. ನಿಮ್ಮ 31 ಪಿಕ್ಸೆಲ್ ಆರಾಮ. ಅದೇ ನ್ಯೂಕ್ಲಿಯಸ್ಸನ್ನು 60 ಎಕ್ಸ್‌ನಲ್ಲಿ ತೆಗೆದರೆ 90 ಪಿಕ್ಸೆಲ್ ದಾಟುತ್ತದೆ, ಆಗ ಒಂದನ್ನೇ ಹಲವಾಗಿ ಒಡೆಯಲು ಶುರುಮಾಡುತ್ತದೆ. ಚಿತ್ರವನ್ನು ಮೂರನೇ ಒಂದಕ್ಕೆ ಇಳಿಸಿ ಗಡಿ ತೆಗೆದು, ಗಡಿಯನ್ನು ಮತ್ತೆ ಮೂರು ಪಟ್ಟು ಹಿಗ್ಗಿಸಿ ಮೂಲ ಚಿತ್ರದ ಮೇಲೆ ಅಳೆಯಿರಿ. ಸೆಲ್‌ಪೋಸ್‌ನಲ್ಲಾದರೆ ಡಯಾಮೀಟರ್ ಪೆಟ್ಟಿಗೆಗೆ ವ್ಯಾಸವನ್ನು ಪಿಕ್ಸೆಲ್‌ನಲ್ಲೇ ತುಂಬಬೇಕು, ಮೈಕ್ರಾನ್‌ನಲ್ಲಿ ಅಲ್ಲ.

ಎಣಿಕೆಗಾರ:
ತುಂಬಾ ಸ್ಪಷ್ಟವಾಯಿತು. ಹಿನ್ನೆಲೆ ಕಳೆಯಲು ಸಬ್‌ಟ್ರ್ಯಾಕ್ಟ್ ಬ್ಯಾಕ್‌ಗ್ರೌಂಡ್ ಅನ್ನು ಅದರ ಮಾಮೂಲಿ 50 ಪಿಕ್ಸೆಲ್‌ಗೆ ಇಟ್ಟು ಎರಡೂ ಚಾನೆಲ್‌ಗೆ ಹಾಕಬಹುದೇ?

ಹದಿನಾರು_ಬಿಟ್:
ಗಡಿ ಎಳೆಯುವ ನಕಲಿಗೆ ಹಾಕಿ, ಆದರೆ 50 ಅಲ್ಲ. ಹಿನ್ನೆಲೆ ಅಂದಾಜಿಸಲು ಅದು ಉರುಳಿಸುವ ಚೆಂಡಿನ (ರೋಲಿಂಗ್ ಬಾಲ್) ತ್ರಿಜ್ಯ ಚಿತ್ರದ ಅತಿ ದೊಡ್ಡ ವಸ್ತುವಿಗಿಂತ ದೊಡ್ಡದಿರಬೇಕು. ಒಂಟಿ ನ್ಯೂಕ್ಲಿಯಸ್ 31 ಇದ್ದರೂ ಮೂರು ನಾಲ್ಕು ಗುಂಪಾಗಿ ಕೂತರೆ 100 ಮುಟ್ಟುತ್ತದೆ. ಸಣ್ಣ ಚೆಂಡು ಆ ಗುಂಪಿನೊಳಗೇ ಉರುಳಿ ಅದರ ಹೊಳಪನ್ನು ಹಿನ್ನೆಲೆ ಎಂದು ತಿಂದುಹಾಕುತ್ತದೆ. 120–150 ಇಡಿ.

ಅಳೆಯುವ ಹಸಿರು ಚಿತ್ರಕ್ಕೆ ರೋಲಿಂಗ್ ಬಾಲ್ ಬೇಡವೇ ಬೇಡ. ಅದು ಎಷ್ಟು ಕಳೆಯುತ್ತದೆ ಎಂಬುದು ಆ ಚಿತ್ರದಲ್ಲಿ ಕೋಶಗಳು ಹೇಗೆ ಹರಡಿವೆ ಎಂಬುದರ ಮೇಲೆ ನಿಂತಿದೆ. ಒತ್ತೊತ್ತಾಗಿರುವಲ್ಲಿ ಒಂದು, ಬಿಡಿಬಿಡಿಯಾಗಿರುವಲ್ಲಿ ಇನ್ನೊಂದು. ಕೋಶವಿಲ್ಲದ ಜಾಗದ ಮೂರು ನಾಲ್ಕು ಆಯತಗಳ ಸರಾಸರಿ ತೆಗೆದು ಆ ಒಂದು ಸಂಖ್ಯೆಯನ್ನು ಕಳೆಯಿರಿ.

ಕಳೆಯದೆ ಬಿಟ್ಟರೆ ಏನಾಗುತ್ತದೆ? ಹಿನ್ನೆಲೆ 200 ಎಂದಿಟ್ಟುಕೊಳ್ಳಿ. ಇದರಲ್ಲಿ ಕ್ಯಾಮೆರಾ ಕತ್ತಲಲ್ಲೂ ಸೇರಿಸುವ ಆಫ್‌ಸೆಟ್, ಮೀಡಿಯಂನ ಮಂಕು ಬೆಳಕು ಎರಡೂ ಇವೆ. ಕಂಟ್ರೋಲ್ 300, ಟ್ರೀಟೆಡ್ 500 ಬಂದರೆ ಅನುಪಾತ 1.67 ಎನ್ನುತ್ತೀರಿ. ಕಳೆದರೆ 100 ಮತ್ತು 300, ಅನುಪಾತ 3. "ಎಷ್ಟು ಪಟ್ಟು ಹೆಚ್ಚಿತು" ಎಂದು ಬರೆಯುವವರು ಇದನ್ನು ತಪ್ಪಿಸಿದರೆ ಉತ್ತರವೇ ಬೇರೆಯಾಗುತ್ತದೆ.

ಗಾಜುಪಟ್ಟಿ:
ಬೆಳಕು ಫೀಲ್ಡ್‌ನ ಉದ್ದಗಲಕ್ಕೂ ಒಂದೇ ಸಮ ಬೀಳುತ್ತಿದೆಯೇ ಎಂದೂ ನೋಡಿ. ಮೂಲೆಯಲ್ಲಿ ಹೊಳಪು ನಡುವಿನ 70% ಇದ್ದರೆ, ಮೂಲೆಯ ಕೋಶ 30% ಕಡಿಮೆ ಪ್ರೋಟೀನ್ ಇದ್ದಂತೆ ಟೇಬಲ್‌ನಲ್ಲಿ ಬರುತ್ತದೆ. ಸಮನಾಗಿ ಹೊಳೆಯುವ ಫ್ಲೋರೊಸೆಂಟ್ ಸ್ಲೈಡಿನ ಚಿತ್ರ ಒಂದು, ಶಟರ್ ಮುಚ್ಚಿ ಅಷ್ಟೇ ಎಕ್ಸ್‌ಪೋಶರ್‌ಗೆ ತೆಗೆದ ಕತ್ತಲ ಚಿತ್ರ ಒಂದು ಬೇಕು. ನಿಮ್ಮ ಚಿತ್ರದಿಂದಲೂ ಸ್ಲೈಡಿನ ಚಿತ್ರದಿಂದಲೂ ಕತ್ತಲನ್ನು ಕಳೆದು, ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ, ಎರಡನೆಯದರ ಸರಾಸರಿಯಿಂದ ಗುಣಿಸಿ.

ಭಾಗಾಕಾರಕ್ಕೆ ಮುಂಚೆ ಇಮೇಜ್ ಕ್ಯಾಲ್ಕುಲೇಟರ್‌ನಲ್ಲಿ 32 ಬಿಟ್ ಫ್ಲೋಟ್ ಟಿಕ್ ಹಾಕಲು ಮರೆಯಬೇಡಿ. 16 ಬಿಟ್‌ನಲ್ಲೇ ಭಾಗಿಸಿದರೆ ದಶಾಂಶ ಹೋಗಿ ಚಿತ್ರದ ತುಂಬ 0, 1, 2 ಇಷ್ಟೇ ಉಳಿಯುತ್ತದೆ.

ಮ್ಯಾಕ್ರೋಮಿತ್ರ:
ಪಾರ್ಟಿಕಲ್ಸ್ ಕಿಟಕಿಯ ಬಗ್ಗೆ ಎರಡು ಮಾತು. ಸೈಜ್ ಪೆಟ್ಟಿಗೆ ಸ್ಕೇಲ್ ಹಾಕಿದ್ದರೆ ಚದರ ಮೈಕ್ರಾನ್‌ನಲ್ಲಿ, ಇಲ್ಲದಿದ್ದರೆ ಪಿಕ್ಸೆಲ್‌ನಲ್ಲಿ ಓದುತ್ತದೆ. 30 ಚದರ ಮೈಕ್ರಾನ್ ಅಂದರೆ ನಿಮ್ಮಲ್ಲಿ 284 ಪಿಕ್ಸೆಲ್. ಸ್ಕೇಲ್ ಇಲ್ಲದ ಚಿತ್ರಕ್ಕೆ ಅದೇ 30 ಕೊಟ್ಟರೆ ಕಸವೆಲ್ಲ ಕೋಶವಾಗುತ್ತದೆ. ಸೆಟ್ ಸ್ಕೇಲ್‌ನ ಗ್ಲೋಬಲ್ ಟಿಕ್ ಕೂಡ ತೆಗೆದಿಡಿ, ಇಲ್ಲದಿದ್ದರೆ 20 ಎಕ್ಸ್‌ನ ಸ್ಕೇಲ್ 60 ಎಕ್ಸ್ ಚಿತ್ರಕ್ಕೂ ಅಂಟಿಕೊಳ್ಳುತ್ತದೆ.

ಎಕ್ಸ್‌ಕ್ಲೂಡ್ ಆನ್ ಎಡ್ಜಸ್ (ಅಂಚು ಮುಟ್ಟಿದವನ್ನು ಬಿಡುವುದು) ಹೊಳಪಿನ ಅಳತೆಗೆ ಸರಿ. ಸಾಂದ್ರತೆ ಬೇಕಾದರೆ ನಾಲ್ಕೂ ಅಂಚಿನವನ್ನು ಬಿಟ್ಟರೆ ಎಣಿಕೆ ಕಡಿಮೆಯಾಗುತ್ತದೆ, ಅದೂ ದೊಡ್ಡ ನ್ಯೂಕ್ಲಿಯಸ್ ಅಂಚಿಗೆ ತಾಗುವ ಸಾಧ್ಯತೆ ಹೆಚ್ಚಾದ್ದರಿಂದ ದೊಡ್ಡವೇ ಹೆಚ್ಚು ಕಳೆದುಹೋಗುತ್ತವೆ. ಕೋಶ ಎಣಿಸುವ ಗಾಜಾದ ಹೀಮೋಸೈಟೋಮೀಟರ್‌ನ ನಿಯಮವೇ ಇಲ್ಲಿಗೂ: ಮೇಲಿನ ಮತ್ತು ಎಡಗಡೆಯ ಗೆರೆ ಮುಟ್ಟಿದವನ್ನು ಎಣಿಸಿ, ಕೆಳಗಿನ ಮತ್ತು ಬಲಗಡೆಯ ಗೆರೆ ಮುಟ್ಟಿದವನ್ನು ಬಿಡಿ.

ಹಂತ ಗಟ್ಟಿಯಾದ ಮೇಲೆ ಪ್ಲಗಿನ್ಸ್, ಮ್ಯಾಕ್ರೋಸ್, ರೆಕಾರ್ಡ್ ತೆರೆದಿಟ್ಟು ಒಂದು ಚಿತ್ರಕ್ಕೆ ಪೂರ್ತಿ ಮಾಡಿ. ಒತ್ತಿದ್ದೆಲ್ಲ ಬರಹವಾಗಿ ಸಿಗುತ್ತದೆ, ಅದನ್ನೇ ಫೋಲ್ಡರಿಗೆ ಓಡಿಸಿ. ಪ್ರತಿ ಚಿತ್ರಕ್ಕೂ ಗಡಿಗಳ ಜಿಪ್ ಫೈಲ್, ಮತ್ತು ಗಡಿ ಬರೆದ ಒಂದು ಸಣ್ಣ ಚಿತ್ರ ಉಳಿಸಿ. ಆ ಸಣ್ಣ ಚಿತ್ರಗಳನ್ನು ಸಾಲಾಗಿ ನೋಡಿದರೆ ಎಲ್ಲಿ ಅಂಟಿದೆ, ಎಲ್ಲಿ ಒಡೆದಿದೆ ಒಂದೇ ನೋಟಕ್ಕೆ ಗೊತ್ತಾಗುತ್ತದೆ. ಟೇಬಲ್ ಮಾತ್ರ ಉಳಿಸಿಕೊಂಡವರಿಗೆ ಆ ಭಾಗ್ಯವಿಲ್ಲ.

ಮಸುಕು:
ಅಂಕಿ ಬಂದ ಮೇಲಿನ ತಪ್ಪನ್ನೂ ಈಗಲೇ ಹೇಳಿಬಿಡುತ್ತೇನೆ. 3 ಸಲ ಸ್ವತಂತ್ರವಾಗಿ ಮಾಡಿದ ಪ್ರಯೋಗ, ಪ್ರತಿ ಸಲ 400 ಕೋಶ ಅಂದರೆ ಎನ್ (ಸ್ವತಂತ್ರ ಮಾದರಿಗಳ ಸಂಖ್ಯೆ) 1200 ಅಲ್ಲ, 3. ಒಂದೇ ತಟ್ಟೆಯ ಕೋಶಗಳು ಒಂದೇ ಮೀಡಿಯಂ, ಒಂದೇ ಸ್ಟೇನ್ ಕಂಡಿವೆ. 1200 ಎಂದು ಹಾಕಿದರೆ ಪಿ ಬೆಲೆ (ನಿಜವಾದ ವ್ಯತ್ಯಾಸವಿಲ್ಲದಿದ್ದರೂ ಇಷ್ಟು ಅಂತರ ಬರುವ ಸಂಭವ) ಯಾವ ಸಣ್ಣ ವ್ಯತ್ಯಾಸಕ್ಕೂ ಸೊನ್ನೆ ಹತ್ತಿರ ಬರುತ್ತದೆ. ಪ್ರತಿ ಪ್ರಯೋಗಕ್ಕೂ ಒಂದು ಸರಾಸರಿ ತೆಗೆದು ಆ ಮೂರನ್ನು ಹೋಲಿಸಿ. ಕೋಶಗಳ ಚುಕ್ಕೆಗಳನ್ನು ಗ್ರಾಫ್‌ನಲ್ಲಿ ಪ್ರಯೋಗಕ್ಕೊಂದು ಬಣ್ಣ ಕೊಟ್ಟು ತೋರಿಸಿ, ಆದರೆ ಪರೀಕ್ಷೆಗೆ ಕೂರಿಸಬೇಡಿ.

ಎಣಿಕೆಗಾರ:
ಹೇಳಿದ ಕ್ರಮದಲ್ಲೇ ಎಲ್ಲವನ್ನೂ ಮತ್ತೆ ಓಡಿಸಿದೆ. ಹಿನ್ನೆಲೆ ಕಳೆದ ಮೇಲೆ ಕಂಟ್ರೋಲ್ 410, ಟ್ರೀಟೆಡ್ 1130. ಒಡೆಯುವುದು ನಿಂತಿದೆ. ಆದರೆ 0–4095 ಇಟ್ಟು ಹೈಲೋ ನೋಡಿದರೆ ಟ್ರೀಟೆಡ್‌ನ ಒಂದು ಪ್ರಯೋಗದಲ್ಲಿ ಕೆಲವು ನ್ಯೂಕ್ಲಿಯಸ್‌ಗಳ ಒಳಗೆ ನಡುಭಾಗದಲ್ಲಿ ಕೆಂಪು ಇದೆ. ಅವನ್ನು ತೆಗೆದುಹಾಕಲೇ?

ಗಾಜುಪಟ್ಟಿ:
ತೆಗೆಯಬೇಡಿ. ಅತಿ ಹೆಚ್ಚು ಹೊಳೆಯುವವನ್ನೇ ಆರಿಸಿ ತೆಗೆದಂತಾಗುತ್ತದೆ, ಟ್ರೀಟೆಡ್ ಸರಾಸರಿ ಸುಳ್ಳಾಗಿ ಇಳಿಯುತ್ತದೆ. ಹಾಗೆಯೇ ಬಿಟ್ಟರೂ ಇಳಿದೇ ಇರುತ್ತದೆ, ಯಾಕೆಂದರೆ 4095ಕ್ಕಿಂತ ಮೇಲಿದ್ದದ್ದೆಲ್ಲ 4095 ಎಂದೇ ದಾಖಲಾಗಿದೆ.

ಹದಿನಾರು_ಬಿಟ್:
ಪ್ರತಿ ನ್ಯೂಕ್ಲಿಯಸ್‌ಗೆ ಮೀನ್ (ಸರಾಸರಿ) ಬದಲು ಮೀಡಿಯನ್ (ಬೆಲೆಗಳನ್ನು ಸಾಲಾಗಿಟ್ಟರೆ ನಡುವೆ ಬರುವ ಬೆಲೆ) ತೆಗೆದುಕೊಂಡು ನೋಡಿ, ಸೆಟ್ ಮೆಷರ್‌ಮೆಂಟ್ಸ್‌ನಲ್ಲೇ ಇದೆ. ಒಂದು ನ್ಯೂಕ್ಲಿಯಸ್‌ನ ಅರ್ಧಕ್ಕಿಂತ ಕಡಿಮೆ ಪಿಕ್ಸೆಲ್ ತುಂಬಿ ನಿಂತಿದ್ದರೆ ಅದರ ಮೀಡಿಯನ್‌ಗೆ ಏನೂ ಆಗುವುದಿಲ್ಲ. ಹಾಗೆ ಮಾಡುವುದಾದರೆ ಕಂಟ್ರೋಲ್ ಸೇರಿದಂತೆ ಮೂರೂ ಪ್ರಯೋಗಕ್ಕೆ ಮೀಡಿಯನ್ನೇ ಇಡಿ. ಅರ್ಧಕ್ಕಿಂತ ಹೆಚ್ಚು ಕೆಂಪಾದ ನ್ಯೂಕ್ಲಿಯಸ್ ಬೆರಳೆಣಿಕೆಗಿಂತ ಜಾಸ್ತಿ ಇದ್ದರೆ ಮಾತ್ರ ಆ ಸೆಟ್ಟಿನ ಚಿತ್ರ ಮತ್ತೆ ತೆಗೆಯಬೇಕು.

ಗಾಜುಪಟ್ಟಿ:
ಮತ್ತೆ ತೆಗೆಯುವುದಾದರೆ ಅತಿ ಹೊಳೆಯುವ ಟ್ರೀಟೆಡ್ ಸ್ಲೈಡನ್ನು ಮೊದಲು ಇಟ್ಟು, ಅದರ ಗರಿಷ್ಠ ಬೆಲೆ 3000 ಆಸುಪಾಸಿಗೆ ಬರುವಂತೆ ಎಕ್ಸ್‌ಪೋಶರ್ ಇಳಿಸಿ. ಆಮೇಲೆ ಅದೇ ಎಕ್ಸ್‌ಪೋಶರ್, ಅದೇ ದೀಪದ ಮಟ್ಟದಲ್ಲಿ ಕಂಟ್ರೋಲನ್ನೂ ತೆಗೆಯಿರಿ. ಒಮ್ಮೆ ಬೆಳಕು ಕಂಡ ಫೀಲ್ಡ್‌ಗಳಲ್ಲಿ ಬಣ್ಣ ಸ್ವಲ್ಪ ಬ್ಲೀಚ್ ಆಗಿರುತ್ತದೆ, ಆದ್ದರಿಂದ ಎರಡೂ ಗುಂಪಿನಲ್ಲಿ ಹೊಸ ಫೀಲ್ಡ್‌ಗಳಿಗೆ ಹೋಗಿ. ಫೀಲ್ಡ್ ಹುಡುಕುವುದು, ಫೋಕಸ್ ಮಾಡುವುದು ಡ್ಯಾಪಿಯಲ್ಲೇ ಆಗಲಿ, ಹಸಿರು ಶಟರ್ ತೆರೆಯುವುದು ಚಿತ್ರ ತೆಗೆಯುವಾಗ ಮಾತ್ರ.